ಪಾರ್ಕಿನ ಮೂಲೆಯಲ್ಲಿ ಗೊಬ್ಬರ ಮಾಡಿದ ಹೆಂಗಸರು

ಕಸದ ಕೆಲಸಕ್ಕೆ ಹೊಸದಾಗಿ ಸೇರುವ ಹೆಣ್ಣುಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಾಸನೆ ಅಭ್ಯಾಸವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗುವುದಿಲ್ಲ. ಆಗಲೂಬಾರದು. ಗೊಬ್ಬರದ ಗುಂಡಿ ಸರಿಯಾಗಿದೆಯೋ ಕೆಟ್ಟಿದೆಯೋ ಎಂದು ಮೊದಲು ಹೇಳುವುದು ಮೂಗು. ಮೂಗು ಸತ್ತವಳ ಕೈಯಲ್ಲಿ ಉಳಿಯುವುದು ಬರೀ ಸಲಿಕೆ.

ನನ್ನ ಹೆಸರು ಲಕ್ಕಮ್ಮ. ಓದಿದ್ದು ಮೂರನೇ ಕ್ಲಾಸು. ಜಯನಗರ ಮುಗಿದು ತಿಲಕ್ ನಗರ ಶುರುವಾಗುವ ಕಡೆ ಒಂದು ಪಾರ್ಕಿನ ಮೂಲೆಯಲ್ಲಿ, ಮನೆಮನೆಯ ಹಸಿ ಕಸ ತಂದು ಗೊಬ್ಬರ ಮಾಡುವ ಕೆಲಸ ಮಾಡಿದೆ. ತೊಂಬತ್ತರ ದಶಕದ ನಡುವೆ ಸೇರಿದವಳು, ಮೊಣಕಾಲು ಇನ್ನು ಸಾಕು ಎನ್ನುವವರೆಗೆ ಅಲ್ಲೇ ಇದ್ದೆ. ನಮ್ಮ ಏರಿಯಾದ ಒಣ ಕಸದ ಕೇಂದ್ರಕ್ಕೆ ಈಗ ಸೇರಿರುವ ಹುಡುಗಿಯರು, ಅಜ್ಜಿ ಆವಾಗ ಹೆಂಗಿತ್ತು ಅಂತ ಬರೆದುಕೊಡಿ ಎಂದರು. ಬರೆಯುತ್ತಿದ್ದೇನೆ. ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ. ಮಾತನ್ನೂ ತಿದ್ದಲು ಬಂದಳು, ಬೇಡ ಎಂದೆ. ಸಂಬಳ ಯಾವಾಗ ಏರಿತು, ಶಾಲು ಯಾರು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಶಾಲು ಹೊದಿಸಿದ್ದು ನಿಜ. ಚಳಿಗೆ ಉಪಯೋಗಕ್ಕೆ ಬಂತು.

ಆ ಮೂಲೆ ಮೊದಲು ಎಲ್ಲರೂ ಕಸ ಎಸೆಯುವ ಜಾಗವಾಗಿತ್ತು. ಬೆಳಿಗ್ಗೆ ವಾಕಿಂಗ್ ಬರುವವರು ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ತಂದ ಪ್ಲಾಸ್ಟಿಕ್ ಕವರನ್ನು ಅಲ್ಲೇ ಎಸೆದು ಹೋಗುತ್ತಿದ್ದರು. ಬೀದಿನಾಯಿ, ಹಸು, ಹೆಗ್ಗಣ ಎಲ್ಲಕ್ಕೂ ಅದೇ ಛತ್ರ. ಆಗ ಕಮಲಾ ಮೇಡಂ ಎಂಬುವವರು, ಹೈಸ್ಕೂಲಿನಲ್ಲಿ ಪಾಠ ಮಾಡಿ ರಿಟೈರ್ ಆದವರು, ಸುತ್ತಲಿನ ಮನೆಗಳ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದರು. ನಮ್ಮ ಅಡಿಗೆಮನೆಯ ಕಸವನ್ನು ನಾವೇ ಗೊಬ್ಬರ ಮಾಡೋಣ, ಪಾರ್ಕಿನ ಗಿಡಕ್ಕೇ ಹಾಕೋಣ ಎಂಬುದು ಅವರ ಲೆಕ್ಕ. ಕಾರ್ಪೊರೇಷನ್ನಿಗೆ ಅಲೆದು ಅಲೆದು ಆ ಮೂಲೆಯನ್ನು ಕೇಳಿ ಪಡೆದರು. ಕೊಟ್ಟವರು ಒಂದು ಮಾತು ಹೇಳಿಯೇ ಕೊಟ್ಟಿದ್ದರು: ಅಕ್ಕಪಕ್ಕದವರಿಂದ ದೂರು ಬಂದರೆ ಮುಚ್ಚಿಸುತ್ತೇವೆ. ಆ ಮಾತು ಕೊನೆಯವರೆಗೂ ನಮ್ಮ ತಲೆಯ ಮೇಲೆ ತೂಗುತ್ತಲೇ ಇತ್ತು.

ನಾನು ಆಗ ಮೇಡಂ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಗಂಡ ತೀರಿಕೊಂಡಿದ್ದ, ಇಬ್ಬರು ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದರು. ಮೇಡಂ ಕರೆದು, ಲಕ್ಕಮ್ಮ, ಗಾಡಿ ತಳ್ತೀಯಾ ಎಂದರು. ಮುಸುರೆ ತಿಕ್ಕುವವಳಿಗೆ ಮುಸುರೆ ತಳ್ಳುವುದರಲ್ಲಿ ಏನು ನಾಚಿಕೆ, ತಳ್ತೀನಿ ಎಂದೆ. ನನ್ನ ಜೊತೆ ಸೇರಿದವಳು ಶಾಂತವ್ವ. ಗದಗಿನ ಕಡೆಯವಳು. ಗಂಡನಿಗೆ ಆಫೀಸೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತೆಂದು ಬಂದು ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಹಣೆಯ ಮೇಲೆ ವಿಭೂತಿ ಇಲ್ಲದೆ ಅವಳು ಗುದ್ದಲಿ ಮುಟ್ಟಿದ್ದನ್ನು ನಾನು ನೋಡಿಲ್ಲ. ಅವಳ ಮಾತು ನನಗೆ, ನನ್ನ ಮಾತು ಅವಳಿಗೆ ಅರ್ಥವಾಗಲು ಒಂದು ಮಳೆಗಾಲ ಹಿಡಿಯಿತು.

ಕೆಲಸ ಹೇಳಲು ಸುಲಭ. ಗಂಟೆ ಬಾರಿಸುತ್ತಾ ಗಾಡಿ ತಳ್ಳಬೇಕು. ಮನೆಯವರು ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಬೇಕು. ಹಸಿಯನ್ನು ಗುಂಡಿಗೆ ಹರಡಿ, ಮೇಲೆ ಒಣ ಎಲೆ ಹಾಕಿ, ಸಗಣಿ ಬಗ್ಗಡ ಚಿಮುಕಿಸಿ, ಮತ್ತೆ ಹಸಿ, ಮತ್ತೆ ಎಲೆ. ಆಗಾಗ ಮಗುಚಿ ಹಾಕಿ, ಕಪ್ಪಗೆ ಉದುರುದುರಾದ ಮೇಲೆ ಜರಡಿ ಹಿಡಿಯುವುದು. ಕಷ್ಟವಿದ್ದದ್ದು ಗುಂಡಿಯಲ್ಲಲ್ಲ, ಮನೆ ಬಾಗಿಲಲ್ಲಿ. ಒಬ್ಬರು ಆಂಟಿ, ಎರಡೆರಡು ಡಬ್ಬ ಇಡೋಕೆ ನಮ್ಮನೇಲಿ ಜಾಗ ಎಲ್ಲಿದೆ ಎಂದು ಜೋರು ಮಾಡಿದರು. ಅವರ ಗೇಟಿನೊಳಗೆ ಒಂದು ಕಾರು, ಎರಡು ಸ್ಕೂಟರು ನಿಂತಿದ್ದವು. ಸ್ಕೂಟರ್ ಮೇಲೆ ಇಡಿ ಅಮ್ಮ ಎಂದೆ. ಮೇಡಂ ಹತ್ತಿರ ದೂರು ಹೋಯಿತು. ಆದರೆ ಮುಂದಿನ ವಾರ ಡಬ್ಬ ಎರಡಾಗಿದ್ದವು.

ನೀವು ಗಂಡಸರಿಗೆ ಹೇಳಿ ಸಮಯ ಹಾಳು ಮಾಡಬೇಡಿ. ಗಂಡಸರು ಗೇಟಿನ ಹತ್ತಿರ ಪರಿಸರದ ಬಗ್ಗೆ ಚೆನ್ನಾಗಿ ಮಾತಾಡುತ್ತಾರೆ. ಕಸ ಬೇರೆ ಮಾಡುವುದು ಅಡಿಗೆಮನೆ. ಅಲ್ಲಿರುವ ಹೆಂಗಸಿನ ಜೊತೆ ಮಾತಾಡಿ. ಆಕೆ ಒಪ್ಪಿದರೆ ಮನೆ ಒಪ್ಪಿದ ಹಾಗೆ.

ಆದರೆ ಆ ಹೆಂಗಸರೂ ಒಂದು ವಿಷಯ ಮಾತ್ರ ಒಪ್ಪಲಿಲ್ಲ. ದೇವರ ನಿರ್ಮಾಲ್ಯ. ನಿನ್ನೆ ಏರಿಸಿದ ಹೂ, ತುಳಸಿ, ಬಿಲ್ವಪತ್ರೆಯನ್ನು ಈರುಳ್ಳಿ ಸಿಪ್ಪೆಯ ಜೊತೆ ಹಾಕಿ ಎಂದರೆ ಯಾವ ಹೆಂಗಸು ಹಾಕುತ್ತಾಳೆ? ಕವರಿನಲ್ಲಿ ಕಟ್ಟಿ, ಸ್ಕೂಟರಿನಲ್ಲಿ ಹೋಗುವ ಗಂಡನ ಕೈಗೆ ಕೊಟ್ಟು, ಹೋಗ್ತಾ ಯಾವುದಾದರೂ ಕೆರೆಗೆ ಹಾಕಿಬಿಡಿ ಎನ್ನುತ್ತಿದ್ದರು. ಹೂ ಕೊಳೆಯುತ್ತಿತ್ತು, ಕವರು ನೀರಿನ ಮೇಲೆ ಹಾಗೇ ತೇಲುತ್ತಿತ್ತು. ಇದಕ್ಕೆ ದಾರಿ ಕಂಡುಹಿಡಿದದ್ದು ಶಾಂತವ್ವ. ಹೊಸ ಬುಟ್ಟಿಯೊಂದನ್ನು ತಂದು, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಗಾಡಿಯ ಮುಂದೆ ಎತ್ತರದಲ್ಲಿ ಕಟ್ಟಿದಳು. ಅದಕ್ಕೆ ಎಂಜಲು ಕೈ ಮುಟ್ಟಿಸುತ್ತಿರಲಿಲ್ಲ. ಈ ಹೂವು ಗಿಡದ ಬುಡಕ್ಕ ಹೋಗ್ತೈತ್ರಿ ಅವ್ವಾರ, ಯಾರೂ ತುಳಿಯಂಗಿಲ್ಲ ಎಂದು ಮನೆಮನೆಯಲ್ಲಿ ಮಾತು ಕೊಟ್ಟಳು. ಒಂದು ತಿಂಗಳಲ್ಲಿ ಬುಟ್ಟಿ ಸಾಲದೆ ಬಂತು. ಕೆಲವರು ಚಪ್ಪಲಿ ಬಿಟ್ಟು ಬಂದು ಹಾಕುತ್ತಿದ್ದರು. ಕಸದ ಗಾಡಿಗೆ ಕೈಮುಗಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಇಲ್ಲಿ ಸುಬ್ಬರಾಯರ ವಿಷಯ ಹೇಳಬೇಕು. ಗುಂಡಿಯ ಹಿಂದಿನ ಗೋಡೆಯ ಆಚೆ ಅವರ ಮನೆ. ಸರ್ಕಾರಿ ಕೆಲಸದಿಂದ ನಿವೃತ್ತರಾದವರು, ಶಿಸ್ತಿನ ಮನುಷ್ಯ. ಹೆಂಡತಿ ಸೀತಮ್ಮನವರು. ಅವರ ಧ್ವನಿ ನಾವು ಕೇಳಿದ್ದೇ ಕಡಿಮೆ. ಕೆಮ್ಮು ಮಾತ್ರ ಗೋಡೆಯ ಈಚೆಗೂ ಕೇಳಿಸುತ್ತಿತ್ತು.

ರಾಯರ ಜೊತೆ ನಮಗೆ ಪರಿಚಯವಾದದ್ದು ಎರೆಹುಳುವಿನಿಂದ. ತರಬೇತಿ ಕೊಡಲು ಬಂದಿದ್ದ ಒಬ್ಬ ಸಾಹೇಬರು ಒದ್ದೆ ಗೋಣಿಯಲ್ಲಿ ಹುಳು ತಂದು, ಗುಂಡಿಗೆ ಬಿಡಿ, ಮಿಕ್ಕಿದ್ದನ್ನು ಅವೇ ನೋಡಿಕೊಳ್ಳುತ್ತವೆ ಎಂದು ಹೇಳಿ ಜೀಪು ಹತ್ತಿದರು. ನಾವು ಬಿಟ್ಟೆವು. ಹೊಸ ಕಸದ ಗುಂಡಿ ಒಳಗೆ ಜ್ವರ ಬಂದ ಮೈಯ ಹಾಗೆ ಕಾದಿರುತ್ತದೆ. ಹುಳುಗಳು ಏನು ಮಾಡಬೇಕು? ಗೋಡೆ ಹತ್ತಿದವು. ಬೆಳಿಗ್ಗೆ ಗೋಡೆಯ ಮೇಲೆ ರಾಯರ ತಲೆ ಕಾಣಿಸಿತು.

“ಯಾರಮ್ಮಾ ಅಲ್ಲಿ? ನಿಮ್ಮ ಹುಳ ನಮ್ಮನೆ ತುಳಸಿಕಟ್ಟೆ ಮೇಲಿದೆ. ಬಂದು ತಗೊಂಡು ಹೋಗಿ.”

ಮೊರ ಹಿಡಿದು ಹೋದೆವು. ಶಾಂತವ್ವ ಒಂದೊಂದೇ ಹುಳು ಆರಿಸುತ್ತಾ, “ಪುಣ್ಯಾ ಮಾಡೀರಿ ರಾಯರ, ಅಷ್ಟು ಮನಿ ಬಿಟ್ಟು ನಿಮ್ಮ ಮನೀಗೇ ಬಂದಾವ” ಎಂದಳು. ರಾಯರು ನಗಲಿಲ್ಲ. ಒಳಗೆ ಸೀತಮ್ಮನವರು ನಕ್ಕ ಸದ್ದು ಬಂತು. ಅದು ಕೆಮ್ಮಾಗಿ ಮುಗಿಯಿತು. ಶಾಖ ಇಳಿದ ಮೇಲೆ ಹುಳು ಬಿಡಬೇಕು ಎಂಬುದನ್ನು ಹೀಗೆ ಕಲಿತೆವು. ಕಲಿಸಿದ್ದು ಸಾಹೇಬರಲ್ಲ, ಹುಳುಗಳೇ.

ಹುಳುವಿನ ಕಥೆಗೆ ರಾಯರು ಬಾಯಲ್ಲಿ ಬೈದು ಸುಮ್ಮನಾದರು. ಬರೆದು ದೂರು ಕೊಟ್ಟದ್ದು ಹೊಸ ಶತಮಾನ ಶುರುವಾದ ಮೇಲಿನ ಒಂದು ದಸರೆಯಲ್ಲಿ.

ಆಯುಧಪೂಜೆಯ ಮಾರನೇ ದಿನ ನಮ್ಮ ರಸ್ತೆಗಳನ್ನು ನೋಡಿದವರಿಗೆ ಗೊತ್ತು. ಪ್ರತಿ ಕಾರಿಗೂ ಬಾಳೆಕಂದು, ಪ್ರತಿ ಸ್ಕೂಟರಿಗೂ ಚೆಂಡುಹೂವಿನ ಹಾರ, ಪ್ರತಿ ಗೇಟಿನ ಮುಂದೆ ಒಡೆದ ಬೂದುಗುಂಬಳಕಾಯಿ. ಬೇರೆ ಬಡಾವಣೆಗಳಲ್ಲಿ ಅದೆಲ್ಲ ರಸ್ತೆಯಲ್ಲೇ ಕೊಳೆತು ನಾರುತ್ತಿತ್ತು. ನಮ್ಮ ಬಡಾವಣೆಯಲ್ಲಿ ಒಂದು ಎಲೆಯೂ ಬಿಡಬಾರದು ಎಂದು ಮೇಡಂಗೆ ಹಟ, ನಮಗೂ ಹಟ. ಗಾಡಿಯ ಮೇಲೆ ಗಾಡಿ ತಂದೆವು. ಹೂ ಕೊಟ್ಟ ಮನೆಯವರೇ, ಇದೂ ದೇವರದೇ ಅಲ್ವಾ ಎಂದು ಕಂದುಗಳನ್ನೂ ಹೊತ್ತು ತಂದರು. ಗುಂಡಿಯ ಮುಂದೆ ಬಾಳೆಯ ಕಾಡೇ ಆಯಿತು.

ಬಾಳೆಯ ದಿಂಡನ್ನು ಕೊಚ್ಚಿ ಹಾಕಬೇಕು. ನಾನು ಕುಡುಗೋಲು ಎತ್ತಿಕೊಂಡೆ. ಶಾಂತವ್ವ ಕೈ ಹಿಡಿದಳು.

“ಬ್ಯಾಡಕ್ಕಾ. ದೇವರ ಮುಂದ ನಿಂತ ಕಂದಿಗೆ ಕುಡಗೋಲ ಹಾಕಬಾರದು. ಯಾರೂ ತುಳಿಯಂಗಿಲ್ಲ, ಕಡಿಯಂಗಿಲ್ಲ ಅಂತ ಹೇಳೀನಿ ಎಲ್ಲಾರಿಗೂ.”

ಮೇಡಂ ಕಡೆ ನೋಡಿದೆವು. ಅವರಿಗೂ ಮನಸ್ಸು ಬರಲಿಲ್ಲ. ಹಾಗೇ ಮಲಗಿಸಿ, ನಿಧಾನಕ್ಕೆ ಕೊಳೆಯುತ್ತೆ ಎಂದರು. ಕಂದುಗಳನ್ನು ಇಡಿಯಾಗಿ, ಮಗುವನ್ನು ಮಲಗಿಸಿದ ಹಾಗೆ ಗುಂಡಿಯಲ್ಲಿ ಸಾಲಾಗಿ ಮಲಗಿಸಿದೆವು. ಮೇಲೆ ಕುಂಬಳಕಾಯಿ, ಅದರ ಮೇಲೆ ಹೂವು. ಅದರ ಮೇಲೆ ಅಡ್ಡಮಳೆ ಬೇರೆ ಹೊಡೆಯಿತು.

ಬಾಳೆಯ ದಿಂಡು ಎಂದರೆ ನೀರಿನ ಕೊಳವೆ. ಕುಂಬಳಕಾಯಿ ಎಂದರೆ ನೀರಿನ ಗಡಿಗೆ. ಒಳಗೆ ಗಾಳಿ ಹೋಗಲು ದಾರಿ ಇಲ್ಲ, ನೀರು ಹೀರಲು ಒಣ ಎಲೆ ಸಾಲದು. ವಾರ ಕಳೆಯುವುದರೊಳಗೆ ಗುಂಡಿ ಹುಳಿಹೊಡೆದು, ಒಳಗಿನಿಂದ ಕಪ್ಪು ನೀರು ಒಸರತೊಡಗಿತು. ಹಾರೆ ಹಾಕಿ ಎತ್ತಿದರೆ ಕಂದು ಲೋಳೆಯಾಗಿ ಜಾರುತ್ತಿತ್ತು. ಬಿಳಿ ಹುಳು ಮಿಜಿಮಿಜಿ ಎನ್ನುತ್ತಿತ್ತು. ಅಂಥ ವಾಸನೆಯನ್ನು ನಾನು ಅಲ್ಲಿಯವರೆಗೆ ಮೂಸಿರಲಿಲ್ಲ. ಶಾಂತವ್ವ ಗುಂಡಿಯ ದಂಡೆಯಲ್ಲಿ ಕೂತು ಅತ್ತಳು. ದೇವರಿಗೆ ಅಪಚಾರ ಆಗಬಾರದೆಂದು ಮಾಡಿದ್ದು ಹೀಗಾಯಿತಲ್ಲ ಎಂದು. ಅಳೋದಾದ್ರೆ ಆಚೆ ಹೋಗಿ ಅಳು, ಗುಂಡಿಗೆ ಇನ್ನೂ ನೀರು ಬೇಡ ಎಂದೆ. ಕಣ್ಣೊರೆಸಿಕೊಂಡು, ಅವಳೇ ಕುಡುಗೋಲು ಹಿಡಿದಳು.

ರಾಯರ ದೂರಿಗೆ ವಾರ್ಡಿನ ಆಫೀಸರು ಬಂದರು. ಕರವಸ್ತ್ರ ಮೂಗಿಗೆ ಹಿಡಿದೇ ಮಾತಾಡಿದರು. ಕೆಟ್ಟ ಮನುಷ್ಯರಲ್ಲ. ಸಂಕ್ರಾಂತಿವರೆಗೂ ಟೈಮ್ ಕೊಡ್ತೀನಿ, ಆಮೇಲೂ ಹೀಗೇ ಇದ್ದರೆ ಮಣ್ಣು ಹಾಕಿಸಿ ಮುಚ್ಚಿಸ್ತೀನಿ ಎಂದರು. ಮುಚ್ಚಿದರೆ ನಾನು ಮತ್ತೆ ಮುಸುರೆಗೆ, ಶಾಂತವ್ವ ಎಲ್ಲಿಗೋ, ಮೂಲೆ ಮತ್ತೆ ಹೆಗ್ಗಣಗಳಿಗೆ.

ಗುಂಡಿಗೆ ಬೇಕಿದ್ದದ್ದು ಒಣ ಎಲೆ. ನಾವಿಬ್ಬರು ಪಾರ್ಕಿನಲ್ಲಿ ಗುಡಿಸಿ ತರುವುದು ಯಾತಕ್ಕೂ ಸಾಲುತ್ತಿರಲಿಲ್ಲ. ಆದರೆ ಜಯನಗರದಲ್ಲಿ ಎಲೆಗೆ ಏನು ಬರ? ಹೊಂಗೆ, ಬಾದಾಮಿ, ಮಳೆಮರ. ಚಳಿ ಬಿದ್ದ ಮೇಲೆ ರಸ್ತೆಯೇ ಕಾಣದಷ್ಟು ಉದುರುತ್ತದೆ. ಆ ಎಲೆಯೆಲ್ಲ ಬೀದಿ ಗುಡಿಸುವ ಹೆಂಗಸರ ಕೈಯಲ್ಲಿತ್ತು. ಅವರು ಗುಡ್ಡೆ ಮಾಡಿ ಕಡ್ಡಿ ಗೀರುತ್ತಿದ್ದರು. ಬೇರೆ ದಾರಿ ಅವರಿಗೂ ಇರಲಿಲ್ಲ. ಎಲೆ ಒಯ್ಯಲು ಗಾಡಿ ಬರುತ್ತಿರಲಿಲ್ಲ, ಮೇಸ್ತ್ರಿ ಬರುವಷ್ಟರಲ್ಲಿ ರಸ್ತೆ ಚೊಕ್ಕಟವಾಗಿರಬೇಕು. ಹೊಂಗೆಮರಗಳ ಬುಡವೆಲ್ಲ ಸುಟ್ಟು ಕರಿ ಹಿಡಿದಿತ್ತು. ಚಳಿಗಾಲದ ಬೆಳಿಗ್ಗೆ ಇಡೀ ಬಡಾವಣೆ ಹೊಗೆಯೊಳಗೆ ಏಳುತ್ತಿತ್ತು.

ಅವರ ಮುಂದಾಳು ಮುನಿಯಮ್ಮ. ಎತ್ತರದ ಆಳು, ಗಟ್ಟಿ ಗಂಟಲು. ನಮಗೂ ಅವಳಿಗೂ ಹಳೇ ಜಗಳ. ನೀವು ಬಂದಮೇಲೆ ನಮಗೆ ಮಾರೋಕೆ ರಟ್ಟು, ಬಾಟ್ಲಿ ಸಿಗ್ತಿಲ್ಲ ಎಂದು ಅವಳು, ನೀವು ಹಾಕೋ ಬೆಂಕಿಯಿಂದ ಮರ ಸಾಯ್ತಿದೆ ಎಂದು ನಾನು, ರಸ್ತೆಯಲ್ಲಿ ನಿಂತು ಬೈದಾಡಿದ್ದೆವು. ಮೇಡಂ ತಾನು ಹೋಗಿ ಮಾತಾಡುತ್ತೇನೆಂದರು. ಬೇಡ, ನೀವು ಹೋದರೆ ಅವಳು ಹೂಂ ಅಂತಾಳೆ, ಮಾಡಲ್ಲ, ನಾನು ಹೋದರೆ ಬೈತಾಳೆ, ಆಮೇಲೆ ಮಾಡಬಹುದು ಎಂದು ನಾನೇ ಹೋದೆ.

ಹೊಂಗೆಮರದ ಕೆಳಗೆ ಕಡ್ಡಿಪೊರಕೆಗೆ ಹಿಡಿ ಬಿಗಿಯುತ್ತಾ ಕೂತಿದ್ದಳು. ಎಲೆ ಸುಡಬೇಡ, ನಮ್ಮ ಗುಂಡಿಗೆ ತಂದು ಹಾಕು ಎಂದೆ. ಬೈದಳು. ಬೈದು ಮುಗಿಸಲಿ ಎಂದು ಪಕ್ಕದಲ್ಲೇ ಕೂತೆ.

“ಸರಿ, ತಂದು ಹಾಕ್ತೀವಿ ಅಂತಿಟ್ಕೊ. ನಮಗೇನು ಸಿಗುತ್ತೆ? ಗೊಬ್ಬರ ಕೊಡ್ತೀನಿ ಅನ್ನಬೇಡ. ನಮ್ಮನೇಲಿ ಇರೋದು ಒಂದು ಕಿಟಕಿ, ಗಿಡ ಇಲ್ಲ.”

“ಏನು ಬೇಕು, ನೀನೇ ಹೇಳು.”

ಅವಳು ಪಾರ್ಕಿನ ಕಡೆ ನೋಡಿದಳು. ಸಲಿಕೆ, ಗೋಣಿಚೀಲ ಇಡಲೆಂದು ಸಂಘದವರು ಅಲ್ಲಿ ಒಂದು ರೂಮು ಕಟ್ಟಿಸಿದ್ದರು. ಅದರ ಹಿಂದೆ ನಮಗೆಂದು ಒಂದು ನಲ್ಲಿ, ಒಂದು ಕಕ್ಕಸು.

“ಆ ಕಕ್ಕಸು,” ಎಂದಳು.

ಅವರು ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟು ಬರುವವರು. ಬೆಳಕಾದ ಮೇಲೆ ಈ ಬಡಾವಣೆಯಲ್ಲಿ ಅವರು ಹೋಗಬಹುದಾದ ಒಂದು ಜಾಗವೂ ಇರಲಿಲ್ಲ. ಮನೆ ಮುಂದೆ ಇವರ ಕೈಲಿ ಗುಡಿಸಿಕೊಂಡವರು ಒಳಗೆ ಬಿಡುತ್ತಾರೆಯೇ? ಗಂಡಸಾದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಾನೆ. ಇವರು ಮಧ್ಯಾಹ್ನದವರೆಗೂ ತಡೆದುಕೊಳ್ಳಬೇಕು. ಅದಕ್ಕೇ ನೀರೇ ಕುಡಿಯುತ್ತಿರಲಿಲ್ಲ. ತಿಂಗಳ ಮುಟ್ಟಿನ ದಿನಗಳ ಕಥೆ ನಾನು ಬರೆಯುವುದಿಲ್ಲ, ಓದುವ ಹೆಣ್ಣುಮಕ್ಕಳಿಗೆ ಗೊತ್ತಾಗುತ್ತದೆ. ಮುನಿಯಮ್ಮನ ತಂಡದ ಒಬ್ಬಳು ಉರಿಮೂತ್ರ ಹತ್ತಿ ಆಸ್ಪತ್ರೆಗೆ ಸೇರಿದ್ದಳಂತೆ. ಇದು ನನಗೆ ಹೊಸ ವಿಷಯವಲ್ಲ. ನಾನು ಪಾತ್ರೆ ತಿಕ್ಕಿದ ಮನೆಗಳಲ್ಲೂ ಬಚ್ಚಲು ತೊಳೆಯಲು ಬಿಡುತ್ತಿದ್ದರು, ಬಳಸಲು ಬಿಡುತ್ತಿರಲಿಲ್ಲ.

“ಬನ್ನಿ,” ಎಂದೆ. “ಎಲೆ ತಂದೋರೆಲ್ಲ ಬನ್ನಿ. ತೊಳೆದಿಟ್ಟು ಹೋಗಬೇಕು ಅಷ್ಟೆ.”

“ತೊಳೆಯೋದು ನಮಗೆ ಹೇಳಿಕೊಡ್ತೀಯ?” ಎಂದು ಪೊರಕೆ ಎತ್ತಿಕೊಂಡು ಹೊರಟಳು. ಒಪ್ಪಿದಳು ಎಂದು ಅರ್ಥ.

ಮಾರನೇ ದಿನದಿಂದ ಗೋಣಿಚೀಲಗಳಲ್ಲಿ ಎಲೆ ಬರತೊಡಗಿತು. ಹಳೆಯ ಸೀರೆಯಲ್ಲಿ ಕಟ್ಟಿ ತಲೆಯ ಮೇಲೂ ಹೊತ್ತು ತಂದರು. ನಾವು ಕೊಳೆತದ್ದನ್ನೆಲ್ಲ ಎತ್ತಿ, ಕಂದುಗಳನ್ನು ಗೇಣುದ್ದ ಕೊಚ್ಚಿ, ಒಂದು ಪದರ ಅದು, ಎರಡು ಪದರ ಎಲೆ ಎಂದು ಹೊಸದಾಗಿ ಕಟ್ಟಿದೆವು. ಶಾಂತವ್ವ ಮೊದಲ ಕಂದು ಕಡಿಯುವ ಮುಂಚೆ ಗುಂಡಿಗೆ ಕೈಮುಗಿದಳು, ಆಮೇಲೆ ಕೈ ನಿಲ್ಲಿಸಲಿಲ್ಲ. ಹದಿನೈದು ದಿನ ಮೈಯೆಲ್ಲ ಅದೇ ನಾತ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರುತ್ತಿತ್ತು, ಆರಾಮವಾಗಿ ಕಾಲು ಚಾಚಿ ಹೋದೆ. ಮಾರ್ಗಶಿರದ ಹೊತ್ತಿಗೆ ಗುಂಡಿ ಬಿಸಿಯೇರಿತು. ಬೆಳಗಿನ ಚಳಿಯಲ್ಲಿ ಮಗುಚಿದರೆ ಹಬೆ ಏಳುತ್ತಿತ್ತು. ವಾಸನೆ ಹೇಗಿತ್ತು ಎಂದರೆ, ಮೊದಲ ಮಳೆ ಬಿದ್ದ ಹೊಲದ ಹಾಗೆ. ಸಂಕ್ರಾಂತಿಗೆ ಆಫೀಸರು ಬಂದಾಗ ಕರವಸ್ತ್ರ ಜೇಬಿನಲ್ಲೇ ಇತ್ತು. ಗುಂಡಿ ಇರಲಿ ಎಂದರು. ಮೇಡಂ ಎಳ್ಳುಬೆಲ್ಲ ಕೊಟ್ಟರು.

ಮುಗಿಯಿತು ಎಂದುಕೊಂಡೆವು. ಮುಗಿದಿರಲಿಲ್ಲ. ರಾಯರ ಎರಡನೆಯ ದೂರು ಹೋಗಿತ್ತು. ಈ ಸಲ ವಾಸನೆಯ ಮಾತಿಲ್ಲ. ಬೀದಿ ಗುಡಿಸುವ ಹೆಂಗಸರು ಗುಂಪುಗುಂಪಾಗಿ ಪಾರ್ಕಿನ ಹಿಂದಿನ ಗೇಟಿನಿಂದ, ಅಂದರೆ ರಾಯರ ಮನೆಯ ಮುಂದಿನಿಂದ ಓಡಾಡುತ್ತಾರೆ, ಅಲ್ಲೇ ಕೂತು ಊಟ ಮಾಡುತ್ತಾರೆ, ಸಂಸಾರಸ್ಥರು ಇರುವ ಜಾಗದಲ್ಲಿ ಇದೇನು ಎಂಬುದು ದೂರು.

ಶಿವರಾತ್ರಿ ಹತ್ತಿರ ಒಂದು ಬೆಳಿಗ್ಗೆ ಗುಂಡಿಯ ಹತ್ತಿರವೇ ಎಲ್ಲರೂ ಸೇರಿದೆವು. ಆಫೀಸರು, ಮೇಡಂ, ಸಂಘದ ನಾಲ್ಕಾರು ಹೆಂಗಸರು, ರಾಯರು, ನಾವಿಬ್ಬರು. ಮುನಿಯಮ್ಮ ತನ್ನ ತಂಡದ ಜೊತೆ ಗೇಟಿನ ಆಚೆ, ಎಲೆಯ ಮೂಟೆಗಳನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದಳು. ಒಳಗೆ ಬಾ ಎಂದು ಅವರನ್ನು ಯಾರೂ ಕರೆದಿರಲಿಲ್ಲ.

ಆಫೀಸರು ಸುಲಭದ ದಾರಿ ಹೇಳಿದರು. ಪರ್ಮಿಷನ್ ಇರುವುದು ಗೊಬ್ಬರಕ್ಕೆ. ಗೊಬ್ಬರ ನಡೆಯಲಿ. ಹೊರಗಿನ ಹೆಂಗಸರು ಬರುವುದು ಮಾತ್ರ ನಿಲ್ಲಿಸಿ, ಕಕ್ಕಸಿಗೆ ಬೀಗ ಹಾಕಿ. ದೂರು ಮುಂದುವರಿದರೆ ಎರಡನ್ನೂ ಮುಚ್ಚಬೇಕಾಗುತ್ತದೆ. ಸಂಘದ ಹೆಂಗಸರು ಮುಖ ಮುಖ ನೋಡಿಕೊಂಡರು. ಮೇಡಂ ನನ್ನ ಕಡೆ ತಿರುಗಿದರು. ಆಕೆಯ ಕಷ್ಟ ನನಗೆ ಅರ್ಥವಾಗುತ್ತಿತ್ತು. ಎಷ್ಟು ವರ್ಷ ಅಲೆದು ಕಟ್ಟಿದ್ದು ಅದು. “ಲಕ್ಕಮ್ಮ, ಸದ್ಯಕ್ಕೆ ಒಪ್ಪಿಕೊಳ್ಳೋಣ. ಗುಂಡಿ ಉಳಿದರೆ ಮುಂದೆ ನೋಡೋಣ” ಎಂದರು.

ನನ್ನ ಮಗಳು ಆ ವರ್ಷ ಪಿಯುಸಿ ಓದುತ್ತಿದ್ದಳು. ಮನೆಯ ಅನ್ನ ಆ ಗುಂಡಿಯಿಂದಲೇ. ಅದನ್ನೂ ಯೋಚಿಸಿದೆ. ಆದರೆ ಮುನಿಯಮ್ಮನಿಗೆ ಬನ್ನಿ ಎಂದವಳು ನಾನು. ಮತ್ತೆ, ಎಲೆ ಇಲ್ಲದ ಗುಂಡಿ ಮುಂದಿನ ದಸರೆಗೆ ಪುನಃ ನಾರುವುದು ಖಂಡಿತ. ಅವರನ್ನು ಹೊರಗೆ ಹಾಕಿ ಗುಂಡಿ ಉಳಿಸಿಕೊಳ್ಳುತ್ತೇವೆ ಎನ್ನುವುದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

“ಹಂಗಾದ್ರೆ ಗುಂಡಿನೂ ಮುಚ್ಚಿಬಿಡಿ ಸಾರ್,” ಎಂದೆ. “ಎಲೆ ಬೇಕು, ಎಲೆ ಹೊತ್ಕೊಂಡು ಬಂದೋಳು ಬೇಡ ಅಂದ್ರೆ ನನ್ನ ಕೈಲಿ ಆಗಲ್ಲ.”

ಮೇಡಂ ಕಣ್ಣು ಮುಚ್ಚಿಕೊಂಡರು. ಶಾಂತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕಕ್ಕೆ ಬಂದು ನಿಂತಳು. ರಾಯರು, “ನೋಡಿ, ಅವರೇ ಹೇಳ್ತಿದ್ದಾರೆ, ಮುಚ್ಚಿಸಿ” ಎಂದರು. ಆಫೀಸರು ಪೆನ್ನು ತೆಗೆದರು.

ಆಗ ಹಿಂದಿನ ಗೇಟಿನ ಹತ್ತಿರ ಮುನಿಯಮ್ಮನ ತಂಡ ಪಕ್ಕಕ್ಕೆ ಸರಿದು ಯಾರಿಗೋ ದಾರಿ ಬಿಟ್ಟಿತು. ಸೀತಮ್ಮನವರು. ಹೆಗಲಿಗೆ ಉಣ್ಣೆಯ ಶಾಲು, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಗೋಡೆಯ ಆಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರು ಎಂದು ಕಾಣುತ್ತದೆ. ನಿಧಾನಕ್ಕೆ ನಡೆದು ಬಂದು, ಗಂಡನ ಕಡೆ ನೋಡದೆ, ಆಫೀಸರ ಮುಂದೆ ನಿಂತರು.

“ನನಗೆ ದಮ್ಮು. ಈ ಮನೆಗೆ ಬಂದಾಗಿನಿಂದ ಪ್ರತಿ ಚಳಿಗಾಲ ಕಿಟಕಿ ಮುಚ್ಚಿಕೊಂಡು, ಮಲಗಕ್ಕಾಗದೆ ಕೂತ್ಕೊಂಡೇ ಕಳೆದಿದ್ದೀನಿ. ಎಲೆ ಹೊಗೆ. ಈ ವರ್ಷ ಕಿಟಕಿ ತೆಗೆದಿದೆ. ಈ ವರ್ಷ ಮಲಗಿದ್ದೀನಿ.” ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. “ಇವರು ಬರೋದು ನಿಂತರೆ ಮತ್ತೆ ಕಡ್ಡಿ ಗೀರ್ತಾರೆ. ಗೀರದೆ ಇನ್ನೇನು ಮಾಡ್ತಾರೆ?”

ರಾಯರು, “ಸೀತಾ, ನೀನು ಒಳಗೆ ಹೋಗು, ಬಿಸಿಲು” ಎಂದರು.

“ಹೋಗ್ತೀನಿ. ಇಲ್ಲಿ ದೂರು ಬರೆದವರು ನೀವೊಬ್ಬರು, ಆ ಮನೇಲಿ ಇರೋರು ನಾವಿಬ್ಬರು. ನನ್ನದು ದೂರಿಲ್ಲ ಅಂತಾನೂ ಬರ್ಕೊಳ್ಳಿ ಸಾರ್. ಗೇಟು ನಮ್ಮನೆ ಮುಂದೇನೇ ಇರಲಿ.”

ಆಕೆ ನಮಗಾಗಿ ಮಾತಾಡಿದರು ಎಂದು ನಾನು ಹೇಳುವುದಿಲ್ಲ. ತನ್ನ ಉಸಿರಿಗಾಗಿ ಮಾತಾಡಿದರು. ಅದೇ ಸರಿ. ಬೇರೆಯವರ ಮೇಲಿನ ಕರುಣೆಯಿಂದ ಮಾತಾಡಿದವರು ನಾಳೆ ಮರೆತಾರು. ತನಗೆ ಬೇಕೆಂದು ಮಾತಾಡಿದವರು ಮರೆಯುವುದಿಲ್ಲ. ನಿಮ್ಮ ಕೆಲಸದಿಂದ ಯಾರ ಎದೆಗೆ ಗಾಳಿ ಹೋಗುತ್ತಿದೆ ಎಂದು ತಿಳಿದುಕೊಂಡಿರಿ. ಕಷ್ಟ ಬಂದಾಗ ನಿಮ್ಮ ಜೊತೆ ನಿಲ್ಲುವವರು ಅವರೇ.

ಆಫೀಸರು ರಾಯರನ್ನು ನೋಡಿದರು. ರಾಯರು ಗುಂಡಿಯನ್ನು ನೋಡಿದರು. ಸರಿ, ಬರುವವರು ಗಲಾಟೆ ಮಾಡದೆ ಬರಲಿ ಎಂದಷ್ಟೇ ಹೇಳಿ, ಹೆಂಡತಿಯ ಮೊಣಕೈ ಹಿಡಿದು ಮನೆಯ ಕಡೆ ಕರೆದುಕೊಂಡು ಹೋದರು. ಆಫೀಸರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಇದಾದ ಮೇಲೂ ವರ್ಷಗಟ್ಟಲೆ ಗುಂಡಿ ನಡೆಯಿತು. ನಮ್ಮನ್ನು ನೋಡಿ ಜೆಪಿ ನಗರದ ಕಡೆ ಇನ್ನೆರಡು ಕಡೆ ಹೆಂಗಸರು ಶುರು ಮಾಡಿದರು. ಅಲ್ಲೆಲ್ಲ ನಾನೂ ಶಾಂತವ್ವನೂ ಹೋಗಿ ಗುಂಡಿ ಕಟ್ಟಿಕೊಟ್ಟೆವು. ಹೋದ ಕಡೆಯೆಲ್ಲ ಮೊದಲು ಕೇಳುತ್ತಿದ್ದದ್ದು ಗುಂಡಿ ಎಷ್ಟು ಆಳ ಎಂದಲ್ಲ, ಇಲ್ಲಿ ಗುಡಿಸುವವರಿಗೆ ಕಕ್ಕಸು ಎಲ್ಲಿದೆ ಎಂದು. ನಮ್ಮ ರಸ್ತೆಯ ಹೊಂಗೆಮರಗಳ ಬುಡದಲ್ಲಿ ಈಗ ಕರಿ ಇಲ್ಲ. ಅದನ್ನು ಮಾಡಿದವರು ನಾವು. ಯಾರು ಕೇಳಿದರೂ ತಲೆಯೆತ್ತಿ ಹೇಳುತ್ತೇನೆ.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಬೆಳಗಿನ ಇನ್ನೊಂದು ವಿಷಯ. ರಾಯರು ಗೇಟು ದಾಟಿದ ಮೇಲೆ ಮುನಿಯಮ್ಮ ಎಲೆಯ ಮೂಟೆಯನ್ನು ತಲೆಯ ಮೇಲೆ ಹೊತ್ತು ಒಳಗೆ ಬಂದಳು. ಗುಂಡಿಯ ದಂಡೆಯಲ್ಲಿ ಇಳಿಸಿದಳು. ಯಾರಿಗೂ ನಮಸ್ಕಾರ ಹೇಳಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ. ಆಫೀಸರ ಪಕ್ಕದಿಂದ, ಮೇಡಂ ಪಕ್ಕದಿಂದ ನೆಟ್ಟಗೆ ನಡೆದು ರೂಮಿನ ಹಿಂದಕ್ಕೆ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಎಲ್ಲರಿಗೂ ಕೇಳಿಸಿತು.